ಆ ಒಂದು ರಿವಿಟ್

ಮುನಿರಾಬಾದ್

ಚಿ. ಮಗಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಮನೆ ಸುದ್ದಿ ನಿನ್ನ ಅವ್ವ ಫೋನಿನಲ್ಲಿ ಹೇಳಿರುತ್ತಾಳೆ. ನಾನು ಬರೆಯುತ್ತಿರುವುದು ನಿನ್ನ ಕಾಗದದ ಕೊನೆಯ ಸಾಲಿಗೆ. 'ದೊಡ್ಡಪ್ಪ, ನಾನು ಸರಿ ಇದೆ ಅಂತ ಸಹಿ ಹಾಕಿದ ಸೇತುವೆ ನಾಳೆ ಬಿದ್ದರೆ?' ಅದನ್ನು ಓದಿದ ಮೇಲೆ ಎರಡು ರಾತ್ರಿ ನಿದ್ದೆ ಬರಲಿಲ್ಲ.

ನೀನು ನೋಡುವ ಸೇತುವೆ ಹಳೇ ಕಬ್ಬಿಣದ್ದು ಅಂತ ಹೆದರಬೇಡ ಅವ್ವಾ. ತ್ರಿಕೋನ ತ್ರಿಕೋನ ಸೇರಿಸಿ ಕಟ್ಟಿದ್ದು ಸುಲಭಕ್ಕೆ ವಾಲುವುದಿಲ್ಲ. ಇದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಪಟ್ಟಿಗಳು ಕೂಡುವ ಜಾಗ ನೋಡು. ಮಣ್ಣು ಕೂರುವುದು, ನೀರು ನಿಲ್ಲುವುದು, ತುಕ್ಕು ಹಿಡಿಯುವುದು ಎಲ್ಲ ಅಲ್ಲೇ.

ಆದರೆ ನೀನು ಕೇಳಿದ್ದು ಅದಲ್ಲ ಅಲ್ವಾ? ಕಣ್ಣು ತಪ್ಪಿದರೆ ಏನು ಗತಿ ಅಂತ ಕೇಳಿದ್ದೀಯ.

ನಾನು ರೈಲ್ವೆ ಸೇತುವೆ ಗ್ಯಾಂಗಿನಲ್ಲಿದ್ದಾಗಿನ ಮಾತು. ಆಗಿನ್ನೂ ಈ ಕಡೆ ಮೀಟರ್ ಗೇಜ್. ಪಟ್ಟಿಗಳನ್ನು ಸೇರಿಸಿ ಹಿಡಿಯುವ, ಎರಡೂ ಕಡೆ ತಲೆಯಿರುವ ಮೊಳೆಯೇ ರಿವಿಟ್. ಅದರ ಒಂದು ತಲೆಗೆ ಬೆರಳು ಇಟ್ಟು ಇನ್ನೊಂದು ತಲೆಗೆ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಿದ್ದೆವು. ಬಿಗಿ ಇದ್ದರೆ ಖಣ್ ಅನ್ನುತ್ತದೆ. ಸಡಿಲ ಇದ್ದರೆ ಬೆರಳಿಗೆ ಅದುರು ತಿಳಿಯುತ್ತದೆ. ಒಂದು ಬೇಸಿಗೆಯಲ್ಲಿ ಒಂದು ರಿವಿಟ್ ಅದುರಿತು. ಸುತ್ತ ಕೆಂಪು ತುಕ್ಕಿನ ಗೆರೆ ಬೇರೆ ಇಳಿದಿತ್ತು. ಹೇಳಿದೆ. 'ಮುಂದಿನ ತಿಂಗಳು ನೋಡೋಣ, ಈಗ ಬರೀಬೇಡ' ಅಂದರು ಮೇಲಿನವರೊಬ್ಬರು. ನಾನು ಬರೆಯಲಿಲ್ಲ. ಸಂಬಳ, ಮನೆ, ಮಕ್ಕಳು, ಅದೇ ಹೆದರಿಕೆ. ಆ ತಿಂಗಳೆಲ್ಲ ರಾತ್ರಿ ಗಾಡಿ ಸೇತುವೆ ಹತ್ತಿದ ಸದ್ದಿಗೆ ಎದ್ದು ಕೂತೆ. ಆಮೇಲೆ ಬಿಚ್ಚಿ ನೋಡಿದರೆ ಪಕ್ಕದ ಎರಡೂ ಸಡಿಲ. ಏನೂ ಆಗಲಿಲ್ಲ. ಆದರೂ ಆಗ ಬರೆಯಬೇಕಿತ್ತು ಅನ್ನುವುದು ಇಂದಿಗೂ ಎದೆಯಲ್ಲಿದೆ.

2024ರ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ಕಿತ್ತು, ಗೇಟು ಹೊಳೆಗೆ ಕೊಚ್ಚಿಹೋಯಿತಲ್ಲ, ಆಗಲೂ ನನಗೆ ನೆನಪಾದದ್ದು ಆ ರಿವಿಟ್. 33 ಗೇಟಿನಲ್ಲಿ ಒಂದು. ಒಂದು ಹೋದರೆ ಸಾಕು, ಹೊಳೆ ಸಾಲಿನ ಊರೆಲ್ಲ ಎಚ್ಚರ.

ನಿನ್ನನ್ನು ಇನ್ನೂ ಹೆದರಿಸಿದೆನೇನೋ. ಅದಕ್ಕೆ ಬರೆದದ್ದಲ್ಲ. ಕಣ್ಣು ತಪ್ಪುವುದು ಎಲ್ಲರಿಗೂ ಇದೆ. ಕಂಡದ್ದನ್ನು ಬರೆಯದೆ ಬಿಟ್ಟದ್ದು ಮಾತ್ರ ನನ್ನದೇ ತಪ್ಪು. ನೀನು ಕಂಡಷ್ಟನ್ನೂ ಬರೆ. ನೋಡಲು ಆಗದ ಜಾಗ ಇದ್ದರೆ ನೋಡಿಲ್ಲ ಅಂತಲೇ ಬರೆ.

ಇನ್ನೊಂದು. ಗರ್ಡರಿನ, ಅಂದರೆ ಸೇತುವೆಯ ಉದ್ದನೆ ತೊಲೆಯ, ಒಂದು ತುದಿ ಉರುಳುವ ರೋಲರ್ ಮೇಲೆ ಕೂತಿದ್ದರೆ ಅಲ್ಲಿ ಕಸ, ಪಾರಿವಾಳದ ಹಿಕ್ಕೆ ತುಂಬಿದೆಯಾ ನೋಡು. 60 ಮೀಟರ್ ಗರ್ಡರ್ 30 ಡಿಗ್ರಿ ಬಿಸಿ ಏರಿದರೆ ಸುಮಾರು 2 ಸೆಂಟಿಮೀಟರ್ ಹಿಗ್ಗುತ್ತದೆ. ನಮ್ಮ ಕಡೆಯ ಬಿಸಿಲು ನಿನಗೆ ಗೊತ್ತಲ್ಲ. ಅದಕ್ಕೆ ಸರಿಯಲು ಜಾಗ ಬೇಕು. ಹೊಳೆ ಇಳಿದ ಮೇಲೆ ಕಂಬದ ಬುಡದ ಮಣ್ಣು ಕೊರೆದಿದೆಯಾ ಅಂತಲೂ ನೋಡಿಸು. ಇವೆಲ್ಲ ನಿಮ್ಮ ಪುಸ್ತಕದಲ್ಲಿ ಇರುತ್ತವೆ, ಮುದುಕನ ಮಾತು ಜಾಸ್ತಿ ಆಯಿತು ಅನ್ನಬೇಡ.

ಸಹಿ ಹಾಕುವ ಮುಂಚೆ ಮನಸ್ಸು ಹಿಂಜರಿದರೆ ಫೋನ್ ಮಾಡು. ತಡರಾತ್ರಿ ಆದರೂ ಪರವಾಗಿಲ್ಲ. ಕೊನೆಯ ಗೂಡ್ಸ್ ಗಾಡಿ ಸೇತುವೆ ದಾಟುವ ತನಕ ನಾನು ಈಗಲೂ ಎದ್ದೇ ಇರುತ್ತೇನೆ.

ನಿನ್ನ ದೊಡ್ಡಪ್ಪ