ಬಾವಂಚಿ ಎಣ್ಣಿ ಕಳಸಬ್ಯಾಡ ಅವ್ವಾ

ಲೀಡ್ಸ್

ಅವ್ವಗ ನಮಸ್ಕಾರ.

ನಾವೆಲ್ಲಾ ಆರಾಮ ಇದ್ದೀವಿ. ಅಪ್ಪನ ಮೊಣಕಾಲ ನೋವು ಈಗ ಹೆಂಗೈತಿ?

ಮೊನ್ನೆ ಫೋನಿನ್ಯಾಗ ನನ್ನ ಸಣ್ಣ ಮಗಳ ತೊನ್ನಿನ ಮಾತು ತೆಗೆದು ನೀ ಅಳಾಕ ಹತ್ತಿದಿ. ಹಂಗ ಅತ್ರ ನನಗ ಮಾತ ಬರೂದಿಲ್ಲ, ಅದಕ್ಕ ಬರದು ಹೇಳಾಕತ್ತೀನಿ.

ಆಕಿ ಈಗ ಎಲ್ಮರ್ ಅನ್ನೋ ಆನಿ ಪುಸ್ತಕ ಹಿಡಕೊಂಡ ಮಲಗತಾಳ. ಹಿಂಡಿನ ಆನಿ ಎಲ್ಲಾ ಒಂದ ಬಣ್ಣ. ಎಲ್ಮರ್ ಮಾತ್ರ ಹಳದಿ, ಕೆಂಪು, ನೀಲಿ, ಹಸರು ಚೌಕ ಚೌಕ, ನೀ ಹಳೇ ಸೀರಿ ತುಂಡು ಹಚ್ಚಿ ಹೊಲಿಯೋ ಕೌದಿಗೆ ನಾಕು ಕಾಲು ಬಂದಂಗ. ಎಲ್ಲಾರನ್ನೂ ನಗಸ್ತಾನ. ಆದ್ರ ನನ್ನ ಬಣ್ಣಕ್ಕ ನಗತಾರೇನೋ ಅಂತ ಒಂದು ರಾತ್ರಿ ನಿದ್ದಿ ಹತ್ತೂದಿಲ್ಲ. ಕಾಡಿಗೆ ಹೋಗಿ ಆನಿಬಣ್ಣದ ಹಣ್ಣು ಉದುರಿಸಿ, ಅದರಾಗ ಹೊಳ್ಳ್ಯಾಡಿ ಮೈಗೆಲ್ಲಾ ಬಳಕೊಂತಾನ. ಹೋಗೂ ಮುಂದ ದಾರ್ಯಾಗಿನ ಪ್ರಾಣಿ ಹೆಸರು ಹಿಡದು ಮಾತಾಡಸಿರ್ತಾವ. ತಿರುಗಿ ಬರೂ ಮುಂದ ಬರೇ 'ಆನಿ' ಅಂತಾವ. ಈ ಪುಟಕ್ಕ ಬಂದ್ರ ಸಣ್ಣಾಕಿಗೆ ಭಾಳ ಸಿಟ್ಟು. "ಅಂವಗ ಹೆಸರೈತಿ, ಹೇಳು ಅವಕ್ಕ" ಅಂತ ನನ್ನ ಮ್ಯಾಲೆ ಹರಿಹಾಯ್ತಾಳ. ಕಡಿಗೆ ಮಳಿ ಬಂದು ಬಣ್ಣ ತೊಳದು ಹೋಗತೈತಿ.

ಬರದಾತ ಡೇವಿಡ್ ಮೆಕೀ, ಮೊದಲ ಬಂದದ್ದು 1968ರಾಗ. ಆತನ ಹೆಂಡ್ತಿ ಆಂಗ್ಲೋ ಇಂಡಿಯನ್. ಇಂಗ್ಲೆಂಡಿನ ಡೆವನ್ನಿನ್ಯಾಗ ಒಬ್ಬ ಹುಡುಗ ಅವರ ಮಗಳ ಮೈಬಣ್ಣಕ್ಕ ಹೊಲಸು ಮಾತು ಅಂದದ್ದ ಈ ಕಥಿಗೆ ಬೀಜ ಆತು. ಪುಸ್ತಕದ ಕೊನ್ಯಾಗ ವರ್ಷಕ್ಕೊಂದು ದಿನ ಎಲ್ಲಾ ಆನಿ ಬಣ್ಣ ಬಳಕೊಂಡು ಹಬ್ಬ ಮಾಡ್ತಾವ. ಒಂದು ದಿನದ ಹಬ್ಬಕ್ಕ ಮುಗೀತನ ಅಂತ ನನಗ ಅನಸ್ತೈತಿ. ಸಣ್ಣಾಕಿಗೆ ಮಾತ್ರ ಆ ಪುಟನ ಜೀವ.

ಈಗ ನೀ ತೊನ್ನಿಗೆ ಹಚ್ಚಾಕ ಕಳಸತೀನಿ ಅಂದ ಎಣ್ಣಿ ವಿಷಯ. ಬಾವಂಚಿ ಎಣ್ಣಿ ಹಚ್ಚಿ ಬಿಸಲಾಗ ಕುಂದ್ರಸಿದ್ರ ಚರ್ಮ ಸುಟ್ಟು ಗುಳ್ಳಿ ಏಳತಾವ. ಕಳಸಬ್ಯಾಡ. ಡಾಕ್ಟರ್ ಕೊಟ್ಟ ಮುಲಾಮು ಹಚ್ಚಾಕತ್ತೀವಿ. ಇದು ಅಂಟೂ ಜಡ್ಡಲ್ಲ, ಹಾಲು ಮೀನು ಕೂಡಸಿ ತಿಂದದ್ದಕ್ಕ ಬಂದದ್ದೂ ಅಲ್ಲ. ಕಾಕುಗ ಇದನ್ನ ನೀನ ಹೇಳು, ನಾ ಹೇಳಿದ್ರ ಆಕಿ ಕೇಳೂದಿಲ್ಲ.

ಪಂಚಮಿಗೆ ಬರ್ತೀವಿ. ಪರಕಾರ ಪೋಲ್ಕಾ ಹೊಲಸೂದಾದ್ರ ಗಿಡ್ಡ ತೋಳಿಂದ ಹೊಲಸು, ಮೊಣಕೈ ಮುಚ್ಚೂದು ಬ್ಯಾಡ. ಜೋಕಾಲಿ ಕಟ್ಟಾಕ ಅಪ್ಪಗ ಹೇಳು. ಶೇಂಗಾದ ಉಂಡಿ ಜಾಸ್ತಿ ಮಾಡು, ಎಳ್ಳಿಂದು ಆಕಿ ತಿನ್ನೂದಿಲ್ಲ.

ನಿನ್ನ ಮಗಳು