ನೀರಿಗೆ ಮೊದಲು ಇಳಿಯೋ ದಾರಿ ಮಾಡು

ಬಳ್ಳಾರಿ

ಚಿ. ಮಗಳಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ಮೊನ್ನೆ ಫೋನಿನಲ್ಲಿ ನಿನ್ನ ದನಿ ಇಳಿದುಹೋಗಿತ್ತು. ಲೋಹಕ್ಕೆ ಬಣ್ಣದ ಪುಡಿ ಹಚ್ಚಿ ಬೇಯಿಸುವ ನಿಮ್ಮ ಪೌಡರ್ ಕೋಟಿಂಗ್ ಲೈನಿನಲ್ಲಿ ಬ್ರಾಕೆಟ್‌ಗಳು ರಿಜೆಕ್ಟ್ ಆಗುತ್ತಿವೆ, ಬೋಲ್ಟಿನ ತೂತಿನ ಸುತ್ತ ಗುಳ್ಳೆ ಏಳುತ್ತಿದೆ, ಒಣಗಿಸುವ ಓವನ್ನಿನ ಶಾಖ ಜಾಸ್ತಿ ಮಾಡು ಅಂತ ಮೇಲಿನವರು ಹೇಳುತ್ತಿದ್ದಾರೆ ಅಂದೆಯಲ್ಲ. ಫೋನಿನಲ್ಲಿ ಪೂರ್ತಿ ಮಾತಾಡಲು ಆಗಲಿಲ್ಲ. ಅದಕ್ಕೇ ಈ ಕಾಗದ.

ಶಾಖಕ್ಕೆ ಕೈ ಹಾಕುವ ಮೊದಲು ಒಂದು ಕೆಲಸ ಮಾಡು. ತೊಳೆಯುವ ಟನಲ್‌ನಿಂದ ಹೊರಗೆ ಬರುವ ಒಂದೇ ಒಂದು ಬ್ರಾಕೆಟ್ಟನ್ನು ಗುರುತಿಟ್ಟುಕೊಂಡು ಅದರ ಜೊತೆಗೇ ನಡೆ. ನೀರು ಎಲ್ಲಿಂದ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ, ಕಣ್ಣಿಟ್ಟು ನೋಡು. ಚಪ್ಪಟೆ ಮೈ ಬೇಗ ಒಣಗುತ್ತದೆ, ಅದನ್ನು ನೋಡಿ ಎಲ್ಲರೂ ಸಮಾಧಾನಪಡುತ್ತಾರೆ. ಆದರೆ ಮಡಿಚಿದ ಅಂಚಿನ ಒಳಗೆ, ವೆಲ್ಡಿಂಗಿನ ಸಂದಿಯಲ್ಲಿ, ಥ್ರೆಡ್ ಹಾಕಿದ, ಆಚೆ ಬದಿ ತೆರೆಯದ ಬ್ಲೈಂಡ್ ಹೋಲಿನಲ್ಲಿ ನೀರು ಹಾಗೇ ಕೂತಿರುತ್ತದೆ. ಒಣಗಿಸುವ ಓವನ್ ದಾಟಿದ ಮೇಲೆ ಒಂದು ಬ್ರಾಕೆಟ್ ಇಳಿಸಿಕೊಂಡು, ಟಿಶ್ಯೂ ಪೇಪರನ್ನು ಬತ್ತಿಯಂತೆ ಹೊಸೆದು ಆ ತೂತಿನ ತಳಕ್ಕೆ ಮುಟ್ಟಿಸು. ತುದಿ ಒದ್ದೆಯಾಗಿ ಬಂದರೆ ನಿನ್ನ ಗುಳ್ಳೆಯ ಮೂಲ ಸಿಕ್ಕಿತು ಅಂತ ತಿಳಿ. ಮುಂದೆ ಬೇಯಿಸುವ ಓವನ್ನಿನಲ್ಲಿ ಪೌಡರ್ ಕರಗಿ ಪದರವಾಗುವ ಹೊತ್ತಿಗೇ ಆ ಹನಿ ಆವಿಯಾಗಿ ಒಳಗಿನಿಂದ ತಳ್ಳುತ್ತದೆ.

ಈಗ ಲೆಕ್ಕ ನೋಡು. ಒಂದು ಲೀಟರ್ ನೀರನ್ನು ಆವಿ ಮಾಡಲು ಸುಮಾರು 2,260 ಕಿಲೋಜೌಲ್ ಶಾಖ ಬೇಕು. ಅಷ್ಟೇ ಶಾಖದಲ್ಲಿ ಅರ್ಧ ಕ್ವಿಂಟಲ್ ಕಬ್ಬಿಣವನ್ನು 100 ಡಿಗ್ರಿಯಷ್ಟು ಮೇಲಕ್ಕೆ ಏರಿಸಬಹುದು! ಓವನ್ನಿನೊಳಗೆ ಭಾಗದ ಜೊತೆ ಹೋಗುವ ಪ್ರತಿ ಹನಿಗೂ ಕಂಪನಿ ಗ್ಯಾಸಿನ ದುಡ್ಡು ಕೊಡುತ್ತದೆ. ಬಟ್ಟೆ ಹಿಂಡದೆ ಒಣಹಾಕಿ ಬಿಸಿಲು ಸಾಲದು ಅಂದರೆ ಹೇಗೆ? ನೀರನ್ನು ಮೊದಲು ಇಳಿಸಬೇಕು, ಆಮೇಲೆ ಊದಿ ತೆಗೆಯಬೇಕು. ಕಡೆಗೆ ಉಳಿದ ತೇವಕ್ಕಷ್ಟೇ ಓವನ್.

ಇಳಿಸುವುದು ಶುರುವಾಗೋದು ಭಾಗವನ್ನು ಚೈನಿಗೆ ತೂಗುಹಾಕುವ ಹುಕ್ಕಿನಲ್ಲಿ. ತೂತಿನ ಬಾಯಿ ಕೆಳಮುಖ ಆಗುವಂತೆ ತೂಗುಹಾಕಿ, ಭಾಗ ಒಂದು ಮೂಲೆಗೆ ವಾಲಿದರೆ ನೀರೆಲ್ಲ ಆ ಮೂಲೆಯಿಂದ ಸುರಿದುಹೋಗುತ್ತದೆ. ಹುಕ್ಕಿನ ಆಕಾರ ಬದಲಿಸೋದು ಸಣ್ಣ ಖರ್ಚು. ಲೋಡಿಂಗ್ ಮಾಡುವ ಹುಡುಗರನ್ನು ಕೂರಿಸಿಕೊಂಡು ಕೇಳು, ಯಾವ ಭಾಗ ನೀರು ಹಿಡಿಯುತ್ತದೆ ಅಂತ ಅವರಿಗೆ ಗೊತ್ತಿರುತ್ತದೆ. ಅವರನ್ನು ಯಾರೂ ಕೇಳಿರುವುದಿಲ್ಲ, ಅದೇ ಬೇಸರದ ಸಂಗತಿ.

ಊದುವ ವಿಷಯ. ನಿಮ್ಮಲ್ಲಿ ಪೈಪಿಗೆ ತೂತು ಕೊರೆದು ಕಂಪ್ರೆಸರ್ ಗಾಳಿ ಬಿಟ್ಟಿದ್ದಾರೆ ಅಂದೆ. 7 ಬಾರ್‌ಗೆ ಒತ್ತಿದ ಗಾಳಿಯನ್ನು ಹಾಗೆ ಸುಮ್ನೆ ಬಯಲಿಗೆ ಬಿಡೋದು ಬಲು ದುಬಾರಿ ಅಭ್ಯಾಸ. ಕಂಪ್ರೆಸರ್ ತಿನ್ನುವ ಕರೆಂಟಿನಲ್ಲಿ ಬಹುಪಾಲು ಬರೀ ಶಾಖವಾಗಿ ಹೋಗುತ್ತದೆ. ಅದರ ಮೇಲೆ, ಕಂಪ್ರೆಸರ್ ಗಾಳಿಯ ತೇವ ತೆಗೆಯುವ ಡ್ರೈಯರ್ ಸರಿಯಿಲ್ಲದಿದ್ದರೆ ಆ ಗಾಳಿಯೇ ನೀರು, ಎಣ್ಣೆ ತಂದು ತೊಳೆದ ಭಾಗದ ಮೇಲೆ ಚಿಮುಕಿಸುತ್ತದೆ. ಮಳೆಗಾಲದಲ್ಲಂತೂ ಇದು ಜಾಸ್ತಿ. ಬ್ಲೋವರ್‌ಗೆ ಜೋಡಿಸಿದ, ತೆಳು ಸೀಳಿನಿಂದ ಗಾಳಿ ಹೊಡೆಯುವ ಏರ್ ನೈಫ್ ಕೇಳು. ಅದಕ್ಕೆ ಒಂದು ಬಾರ್‌ನ ಸಣ್ಣ ಪಾಲಿನಷ್ಟು ಒತ್ತಡ ಸಾಕು, ಗಾಳಿಯೂ ಸ್ವಲ್ಪ ಬೆಚ್ಚಗೆ ಬರುತ್ತದೆ. ಅದರ ಬಾಯಿಯನ್ನು ಭಾಗ ಬರುವ ದಿಕ್ಕಿಗೆ ಓರೆಯಾಗಿ ತಿರುಗಿಸು. ಆಗ ನೀರು ಹಿಂದಕ್ಕೆ ಸರಿದು ತೊಳೆಯುವ ಟ್ಯಾಂಕಿಗೇ ಬೀಳುತ್ತದೆ, ಒಣಗಿದ ಕಡೆಗೆ ಹಾರುವುದಿಲ್ಲ. ಬ್ಲೋವರಿನ ಫಿಲ್ಟರ್ ಮಾತ್ರ ಮರೆಯಬೇಡ. ಗಿಣಿಗೇರಿ ಕಡೆಯ ಕಪ್ಪು ಧೂಳು ನಿನಗೇ ಗೊತ್ತಲ್ವಾ, ಫಿಲ್ಟರ್ ಕಟ್ಟಿಕೊಂಡರೆ ಸದ್ದು ಇರುತ್ತದೆ, ಗಾಳಿ ಇರುವುದಿಲ್ಲ.

ಕಡೆಯ ತೊಳೆತಕ್ಕೆ ಬೋರಿನ ನೀರು ಬಳಸುತ್ತಿದ್ದರೆ ನಿಲ್ಲಿಸಲು ಹೇಳು. ನಮ್ಮ ಕಡೆಯ ಬೋರಿನ ನೀರಿನಲ್ಲಿ ಲವಣ ಜಾಸ್ತಿ. ನೀರು ಒಣಗುತ್ತದೆ, ಲವಣ ಲೋಹದ ಮೇಲೆ ಉಳಿಯುತ್ತದೆ. ಆಮೇಲೆ ಪೇಂಟಿನ ಕೆಳಗೆ ಅದೇ ತೇವ ಎಳೆದುಕೊಂಡು ತುಕ್ಕು ತರಿಸುತ್ತದೆ. ಆರ್‌ಓ ನೀರು ಬೇಕೇ ಬೇಕು.

ಇನ್ನು ತಣಿಸುವುದು. ಇದು ನಮ್ಮ ಜಿಲ್ಲೆಗಳ ದೊಡ್ಡ ತಲೆನೋವು. ಒಣಗಿಸುವ ಓವನ್ನಿನಿಂದ ಬಂದ ಭಾಗ ಪುಡಿ ಸಿಂಪಡಿಸುವ ಪೌಡರ್ ಬೂತ್ ಮುಟ್ಟುವಷ್ಟರಲ್ಲಿ 40 ಡಿಗ್ರಿ ಆಸುಪಾಸಿಗೆ ಇಳಿದರೆ ಒಳ್ಳೆಯದು. ಬಿಸಿ ಹಾಗೇ ಇದ್ದರೆ ಪೌಡರ್ ಮುಟ್ಟಿದಲ್ಲೇ ಅಂಟಿ ದಪ್ಪ ಆಗುತ್ತದೆ. ಆದರೆ ಮೇ ತಿಂಗಳಲ್ಲಿ ಹೊರಗಿನ ನೆರಳೇ 40 ದಾಟುತ್ತದೆ, ತಗಡಿನ ಶೆಡ್ಡಿನ ಒಳಗೆ ಇನ್ನೂ ಹೆಚ್ಚು. ಫ್ಯಾನ್ ಎಷ್ಟು ಜೋರಾಗಿ ತಿರುಗಿದರೂ ಒಣ ಭಾಗವನ್ನು ಸುತ್ತಲಿನ ಗಾಳಿಗಿಂತ ತಣ್ಣಗೆ ಮಾಡಲಾರದು. ಗಾಳಿಗೂ ಲೋಹಕ್ಕೂ ಅಂತರ ಕಡಿಮೆಯಾದಂತೆ ತಣಿಯುವುದೂ ನಿಧಾನವಾಗುತ್ತದೆ, ಕಡೆಯ ಹತ್ತು ಡಿಗ್ರಿಗೇ ಜಾಸ್ತಿ ಹೊತ್ತು ಬೇಕು. ಅದಕ್ಕೇ ರಾತ್ರಿ ಪಾಳಿಯಲ್ಲಿ ಚೆನ್ನಾಗಿ ಬಂದ ಮಾಲು ಮಧ್ಯಾಹ್ನ ಕೆಡುತ್ತದೆ. ನಿನ್ನ ರಿಜೆಕ್ಟ್ ಲೆಕ್ಕವನ್ನು ಪಾಳಿವಾರು ಬೇರೆ ಮಾಡಿ ನೋಡು.

ಫ್ಯಾನುಗಳು ಓವನ್ನಿನ ಬಾಯಿಯ ಬಿಸಿಗಾಳಿಯನ್ನೇ ಎಳೆದು ಭಾಗದ ಮೇಲೆ ಬಿಡುತ್ತಿವೆಯಾ ಅಂತ ಮೊದಲು ನೋಡು. ಎಷ್ಟೋ ಕಡೆ ಹಾಗೇ ಇರುತ್ತದೆ. ಡಕ್ಟ್ ಹಾಕಿಸಿ ಶೆಡ್ಡಿನ ಉತ್ತರ ಭಾಗದ ನೆರಳಿನ ಗಾಳಿ ತರಿಸು. ನಮ್ಮ ಬೇಸಿಗೆ ಗಾಳಿ ಒಣದು, ಹಾಗಾಗಿ ನೀರಿನ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಅದರ ತೇವ ಬೂತ್ ಕಡೆ ಹೋಗಬಾರದು, ಪೌಡರ್ ಗಂಟು ಕಟ್ಟುತ್ತದೆ. ಮಳೆಗಾಲಕ್ಕೆ ಕೂಲರ್ ಬಂದ್ ಮಾಡಿಸು.

ಅಳೆಯುವಾಗ ಒಂದು ಎಚ್ಚರ. ಹೊಳೆಯುವ ಲೋಹದ ಮೇಲೆ ಇನ್‌ಫ್ರಾರೆಡ್ ಗನ್ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಭಾಗಕ್ಕೆ ಒಂದು ತುಂಡು ಮಾಸ್ಕಿಂಗ್ ಟೇಪ್ ಅಂಟಿಸಿ, ಸ್ವಲ್ಪ ತಡೆದು, ಟೇಪಿನ ಮೇಲೆ ಓದು.

ಚೈನಿನ ವೇಗದ ಮಾತು ಬಂದೇ ಬರುತ್ತದೆ. 6 ಮೀಟರ್ ತಣಿಸುವ ದಾರಿಯಲ್ಲಿ ಚೈನು ನಿಮಿಷಕ್ಕೆ 2 ಮೀಟರ್ ಓಡಿದರೆ ಭಾಗಕ್ಕೆ 3 ನಿಮಿಷ ಸಿಗುತ್ತದೆ. ವೇಗ 3 ಮೀಟರ್ ಮಾಡಿದರೆ 2 ನಿಮಿಷ. ಒಣಗಲಿಕ್ಕೂ ಅದೇ ಪ್ರಮಾಣದಲ್ಲಿ ಹೊತ್ತು ಕಡಿಮೆ. ಜಗಳ ಮಾಡಬೇಡ, ಎರಡೂ ವೇಗದಲ್ಲಿ ಅಳೆದ ಅಂಕಿ ಮುಂದಿಡು.

ಮತ್ತೆ ನಿನ್ನ ಮೈ ಜೋಪಾನ ಮಗಳೇ. ಲೈನಿನ ಹತ್ತಿರ ವೇಲು ಬೇಡ, ಜಡೆ ಎತ್ತಿ ಕಟ್ಟಿ ಟೊಪ್ಪಿಗೆ ಹಾಕು. ಏರ್ ಗನ್‌ನಿಂದ ಮೈಮೇಲಿನ ಧೂಳು ಹೊಡೆದುಕೊಳ್ಳಲು ಯಾರಿಗೂ ಬಿಡಬೇಡ, ಆ ಗಾಳಿ ಚರ್ಮದೊಳಗೆ ನುಗ್ಗಬಲ್ಲದು. ಬ್ಲೋವರ್ ಪಕ್ಕದಲ್ಲಿ ಕಿವಿಗೆ ಮಫ್ ಇರಲಿ. ಚೈನು ಸಿಕ್ಕಿಕೊಂಡರೆ ಬರೀ ಸ್ಟಾಪ್ ಬಟನ್ ಒತ್ತಿ ಕೈ ಹಾಕಬೇಡ. ಕರೆಂಟು ಪೂರ್ತಿ ಕಡಿಯುವ ಐಸೊಲೇಟರ್ ಸ್ವಿಚ್ ಆಫ್ ಮಾಡಿ ಬೀಗ ಹಾಕಿ, ಕೀಲಿ ನಿನ್ನ ಜೇಬಿನಲ್ಲಿ ಇಟ್ಟುಕೊಂಡ ಮೇಲೇ ಕೈ ಹಾಕು.

ಟಿಶ್ಯೂ ಹಾಕಿ ನೋಡಿದ ಮೇಲೆ ಫೋನ್ ಮಾಡು. ಹುಕ್ಕಿನ ಫೋಟೋ ಕಳಿಸಿದರೆ ಎಷ್ಟು ವಾಲಿಸಬೇಕು ಅಂತ ಗೀಚಿ ಕಳಿಸುತ್ತೇನೆ. ನಿನ್ನ ಕಾಕಿ ಶೇಂಗಾ ಚಟ್ನಿಪುಡಿ ಮಾಡಿದ್ದಾಳೆ, ಆ ಕಡೆ ಬರುವವರ ಕೈಯಲ್ಲಿ ಡಬ್ಬಿ ಕಳಿಸುತ್ತೇವೆ.

ಇಂತಿ,
ನಿನ್ನ ಕಾಕಾ