ಕನ್ನಡ ಕೀಲಿಮಣೆಯಲ್ಲಿ ಶಾರ್ಟ್‌ಕಟ್‌ಗಳು ಕೆಲಸ ಮಾಡದಿರುವ ಬಗ್ಗೆ ದೂರು

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ಮಾನ್ಯರೇ,

ಬ್ರೌಸರ್‌ನಲ್ಲಿ ತೆರೆಯುವ ತಮ್ಮ ಬರವಣಿಗೆ ತಂತ್ರಾಂಶಕ್ಕೆ ನಾನು ಹಣ ಕಟ್ಟಿರುವ ಚಂದಾದಾರ. ದಿನವಿಡೀ ಭಾರತೀಯ ಭಾಷೆಗಳಿಗೆಂದು ಕೀಲಿಗಳನ್ನು ಜೋಡಿಸಿರುವ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಕನ್ನಡ ಟೈಪ್ ಮಾಡುತ್ತೇನೆ. ಕೀಲಿಮಣೆ ಕನ್ನಡದಲ್ಲಿರುವಾಗ ತಮ್ಮ ಶಾರ್ಟ್‌ಕಟ್‌ಗಳು ಕೆಲಸ ಮಾಡುವುದಿಲ್ಲವೆಂದು ಈ ಹಿಂದೆ ಸಲ್ಲಿಸಿದ ದೂರನ್ನು, ‘ಇಂಗ್ಲಿಷ್‌ಗೆ ಬದಲಾಯಿಸಿಕೊಂಡು ಒತ್ತಿ’ ಎಂಬ ಒಂದೇ ಸಾಲಿನ ಉತ್ತರ ಕೊಟ್ಟು ಮುಕ್ತಾಯಗೊಳಿಸಿದ್ದೀರಿ. ಆ ಉತ್ತರವನ್ನು ಒಪ್ಪಲಾಗದೆ ಈ ಪತ್ರ ಬರೆಯುತ್ತಿದ್ದೇನೆ.

ಒಂದು ಪ್ಯಾರಾ ಮುಗಿಸಿ ಕಂಟ್ರೋಲ್ ಜೊತೆ ಎಸ್ ಒತ್ತಿದರೆ ನನ್ನ ಬರಹ ಉಳಿಯುವುದಿಲ್ಲ. ಬದಲಿಗೆ ಇಡೀ ಪುಟವನ್ನು ಎಲ್ಲಿ ಉಳಿಸಬೇಕೆಂದು ಕೇಳುವ ಬ್ರೌಸರಿನದೇ ಕಿಟಕಿ ತೆರೆದುಕೊಳ್ಳುತ್ತದೆ. ಕೊಂಡಿ ಸೇರಿಸಲು ಕಂಟ್ರೋಲ್ ಜೊತೆ ಕೆ ಒತ್ತಿದರೆ ಕರ್ಸರ್ ಮೇಲಿನ ವಿಳಾಸದ ಪಟ್ಟಿಗೆ ಹೋಗಿ ಕೂರುತ್ತದೆ, ಪರದೆ ನೋಡದೆ ಮುಂದುವರಿಸಿದ ಅರ್ಧ ವಾಕ್ಯವೂ ಅಲ್ಲೇ ಬೀಳುತ್ತದೆ. ಅಂದರೆ ನಾನು ಒತ್ತಿದ ಕೀಲಿ ಯಾವುದೆಂದು ಬ್ರೌಸರಿಗೆ ತಿಳಿದಿದೆ, ತಮ್ಮ ತಂತ್ರಾಂಶಕ್ಕೆ ತಿಳಿದಿಲ್ಲ. ನಕಲು ಮಾಡುವುದು, ಅಂಟಿಸುವುದು ಮಾತ್ರ ಸರಿಯಾಗಿ ನಡೆಯುತ್ತಿವೆ, ಏಕೆಂದರೆ ಅವನ್ನು ನೋಡಿಕೊಳ್ಳುತ್ತಿರುವುದು ಬ್ರೌಸರೇ.

ಪ್ರತಿ ಸಲ ಕೀಲಿ ಒತ್ತಿದಾಗಲೂ ಬ್ರೌಸರ್ ಎರಡು ಮಾಹಿತಿ ಕೊಡುತ್ತದೆ: ‘ಕೀ’ ಎಂಬುದು ಆಗಿನ ವಿನ್ಯಾಸದಲ್ಲಿ ಮೂಡುವ ಅಕ್ಷರ, ‘ಕೋಡ್’ ಎಂಬುದು ಕೀಲಿಮಣೆಯಲ್ಲಿ ಆ ಕೀಲಿ ಇರುವ ಜಾಗ. ಲಕ್ಷಣ ನೋಡಿದರೆ ತಮ್ಮ ತಂತ್ರಾಂಶ ಮೊದಲನೆಯದನ್ನಷ್ಟೇ ಓದುತ್ತಿದೆ. ಇನ್‌ಸ್ಕ್ರಿಪ್ಟ್‌ನಲ್ಲಿ ಎಸ್ ಕೀಲಿ ದೀರ್ಘ ಏತ್ವವನ್ನೂ ಕೆ ಕೀಲಿ ‘ಕ’ವನ್ನೂ ಕೊಡುತ್ತವೆ (‘ಕ’ ಕಂಡೂ ಅದು ಕೆ ಎಂದು ಹೊಳೆಯದಿರುವುದು ತಮಾಷೆಯೇ ಸರಿ). ರಷ್ಯನ್, ಗ್ರೀಕ್ ವಿನ್ಯಾಸಗಳಲ್ಲಿ ಬರೆಯುವವರಿಗೂ ಇದೇ ಪಾಡು.

ಹಾಗೆಂದು ಆತುರಬಿದ್ದು ಎಲ್ಲವನ್ನೂ ‘ಕೋಡ್’ ಮೇಲೆ ನಿಲ್ಲಿಸಿದರೆ ಇನ್ನೊಬ್ಬರಿಗೆ ತೊಂದರೆಯಾಗುತ್ತದೆ. ಜರ್ಮನ್ ಕೀಲಿಮಣೆಯಲ್ಲಿ ವೈ ಮತ್ತು ಝಡ್ ಅದಲುಬದಲಾಗಿರುವುದರಿಂದ, ಅಲ್ಲಿನವರು ಹಿಂದಿನ ಬದಲಾವಣೆ ರದ್ದುಮಾಡಲು ಕಂಟ್ರೋಲ್ ಜೊತೆ ಝಡ್ ಒತ್ತಿದರೆ ಅದು ವೈ ಎಂದಾಗಿ, ರದ್ದಾದದ್ದು ಮರಳಿ ಬಂದೀತು. ಆದ್ದರಿಂದ ಮೊದಲು ‘ಕೀ’ ನೋಡಿ, ಅದು ಲ್ಯಾಟಿನ್ ಅಕ್ಷರವಾಗಿದ್ದರೆ ಅದನ್ನೇ ನಂಬಿ, ಅಲ್ಲದಿದ್ದರೆ ಮಾತ್ರ ‘ಕೋಡ್’ ನೋಡುವುದು ಸರಿಯಾದ ಕ್ರಮ. ಶಾರ್ಟ್‌ಕಟ್‌ಗಳಲ್ಲಿ ಬರುವ ಓರೆಗೆರೆಯ (/) ಕೀಲಿಯನ್ನೂ ಮರೆಯಬಾರದು. ಇನ್‌ಸ್ಕ್ರಿಪ್ಟ್‌ನಲ್ಲಿ ಅದು ‘ಯ’.

ತಾವು ಸೂಚಿಸಿದಂತೆ ವಿನ್ಯಾಸ ಬದಲಾಯಿಸಿಯೂ ನೋಡಿದೆ. ಮರಳಿ ಕನ್ನಡಕ್ಕೆ ಬರಲು ಒಮ್ಮೆ ಮರೆತರೆ ಸಾಕು, ‘ಕನ್ನಡ’ ಎಂದು ಒತ್ತಿದ್ದು ಕೆ, ವಿ, ಡಿ, ವಿ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳೂ ಕೊನೆಗೊಂದು ಚೌಕ ಆವರಣವೂ ಆಗಿ ಮೂಡುತ್ತದೆ. ಪ್ಯಾರಾಗೆ ನಾಲ್ಕು ಸಲ ಹೀಗೆ ಹೋಗಿಬರುವುದಾದರೆ ಶಾರ್ಟ್‌ಕಟ್ ಎಂಬ ಹೆಸರಿಗೆ ಅರ್ಥವಿಲ್ಲ. ಮೌಸ್ ಹಿಡಿಯುವುದೇ ಲೇಸು.

ಆದ್ದರಿಂದ ಮುಕ್ತಾಯಗೊಳಿಸಿದ ನನ್ನ ದೂರನ್ನು ಮತ್ತೆ ತೆರೆದು ತಂತ್ರಾಂಶ ರೂಪಿಸುವವರಿಗೆ ಕಳುಹಿಸಬೇಕು. ಶಾರ್ಟ್‌ಕಟ್‌ಗಳನ್ನು ಬಳಕೆದಾರರೇ ಬದಲಾಯಿಸಿಕೊಳ್ಳುವ ಅವಕಾಶವನ್ನೂ ಒದಗಿಸಬೇಕು. ಪಟ್ಟಿಯಲ್ಲಿ ಮೇಲೆ ಕೆಳಗೆ ಹೋಗಲು ತಾವು ಇಟ್ಟಿರುವ ಒಂಟಿ ಅಕ್ಷರದ ಶಾರ್ಟ್‌ಕಟ್‌ಗಳನ್ನು ನಿಷ್ಕ್ರಿಯಗೊಳಿಸಲು ಅಥವಾ ಬದಲಾಯಿಸಲು ಬರಬೇಕು, ಇಲ್ಲವೇ ಅವು ಆ ಪಟ್ಟಿಯಲ್ಲಿರುವಾಗ ಮಾತ್ರ ಕೆಲಸ ಮಾಡಬೇಕು ಎಂದು, ಜಾಲತಾಣಗಳು ಎಲ್ಲರ ಬಳಕೆಗೂ ಒದಗುವಂತಿರಬೇಕೆನ್ನುವ 2018ರ ಡಬ್ಲ್ಯೂಸಿಎಜಿ 2.1 ಮಾರ್ಗಸೂಚಿಯ 2.1.4ನೇ ಅಂಶವೂ ಹೇಳುತ್ತದೆ. ದುರಸ್ತಿ ಯಾವ ಆವೃತ್ತಿಯಲ್ಲಿ ಬರುವುದೆಂದು ಲಿಖಿತವಾಗಿ ತಿಳಿಸಬೇಕಾಗಿ ಕೋರುತ್ತೇನೆ.

ಇಂತಿ,
ತಮ್ಮ ಚಂದಾದಾರ